ನಾಲ್ಕು ದಿನ ಇಟ್ಟುಕೊಂಡ ಕಾಗದ

ಅತ್ತೆಯ ಮಗಳ ಮದುವೆಗೆ ಬೇಕಾಗಿದ್ದ ಒಂದು ಕಾಗದವನ್ನು ನಾನು ನಾಲ್ಕು ದಿನ ನನ್ನ ಪ್ರಾರ್ಥನೆ ಪುಸ್ತಕದೊಳಗೆ ಬಚ್ಚಿಟ್ಟುಕೊಂಡಿದ್ದೆ. ಮರೆತು ಇಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು. ಇದನ್ನು ಇದುವರೆಗೆ ಯಾವ ಪಾದ್ರಿಯ ಮುಂದೆಯೂ ಪಾಪನಿವೇದನೆಯಲ್ಲಿ ಹೇಳಿಲ್ಲ. ಹೇಳಿದರೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಅದು ನನ್ನಿಂದ ಆಗುವುದಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ, ಹರಿಹರಪುರದ ಕಡೆಗೆ ಮದುವೆಯಾಗಿ ಹೋದವಳು. ಎದುರಿಗೆ ಸಿಕ್ಕಾಗೆಲ್ಲ ಬಹುವಚನದಲ್ಲೇ ಮಾತಾಡಿಸಿದ್ದೇನೆ. ಬರವಣಿಗೆಯಲ್ಲೂ ಆ ಮರ್ಯಾದೆ ಕೊಡಬೇಕೆಂದರೆ ನನ್ನ ಕೈ ಏಳುವುದಿಲ್ಲ.

ಮೊದಲು ನನ್ನ ಮದುವೆಯ ಕಥೆ ಹೇಳಬೇಕು, ಅಂದರೆ ಆಗದ ಮದುವೆಯ ಕಥೆ. ಎಪ್ಪತ್ತರ ದಶಕದ ನಡುಭಾಗ. ಹುಡುಗ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ, ಒಂದು ತಿಂಗಳ ರಜೆಯ ಮೇಲೆ ಬಂದಿದ್ದ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲದಲ್ಲಿ ನಮ್ಮಲ್ಲಿ ಮದುವೆ ನಡೆಯುವುದಿಲ್ಲ. ಹಣೆಗೆ ಬೂದಿ ಹಚ್ಚುವ ಬುಧವಾರ ಅದು ಶುರುವಾಗುತ್ತದೆ. ಹಾಗಾಗಿ ಅದರ ಹಿಂದಿನ ಮಂಗಳವಾರಕ್ಕೆ ಕೊಪ್ಪದ ನಮ್ಮ ಇಗರ್ಜಿಯಲ್ಲಿ ದಿನ ಗೊತ್ತಾಯಿತು.

ನಮ್ಮ ಕಡೆಯ ಕ್ರೈಸ್ತರಲ್ಲಿ ಕಾರ್ಡು ಅಚ್ಚು ಹಾಕಿಸಿದರೆ ಕರೆದಂತಾಗುವುದಿಲ್ಲ. ಮನೆಗೆ ಹೋಗಿ ಕುಳಿತು ಹೇಳಬೇಕು. ಅದರಲ್ಲೂ ಮೊದಲ ಕರೆ ಹುಡುಗಿಯ ಸೋದರತ್ತೆಗೆ, ಆಮೇಲೆ ಸೋದರಮಾವನಿಗೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಕರೆಯುವವರ ಪಟ್ಟಿ ಬರೆಯಲು ನನಗೇ ಕೊಟ್ಟಿದ್ದರು. ಅತ್ತೆಯ ಹೆಸರನ್ನೇ ಮೇಲೆ ಬರೆದಿದ್ದೆ. ಆದರೆ ಹೊರಟ ದಿನ ಹರಿಹರಪುರದ ಬಸ್ಸು ಕೆಟ್ಟು ನಿಂತಿತ್ತು, ಜಯಪುರದ ಬಸ್ಸು ಎದುರಿಗೇ ಹೊರಟು ನಿಂತಿತ್ತು. ಮಾವನ ಮನೆ ಜಯಪುರದಲ್ಲಿ. "ಹೇಗೂ ಸಂಜೆಯೊಳಗೆ ಎರಡೂ ಮುಗೀತದಲ್ಲ ಅಪ್ಪಾ" ಎಂದವಳು ನಾನು. ಮಾವ ಊಟ ಮಾಡದೆ ಬಿಡಲಿಲ್ಲ. ಅತ್ತೆಯ ಅಂಗಳ ತಲುಪುವಾಗ ದೀಪ ಹಚ್ಚುವ ಹೊತ್ತು. ಮುಂದಿನ ಭಾನುವಾರ ಇಗರ್ಜಿಯ ಅಂಗಳದಲ್ಲಿ ಮಾವನ ಹೆಂಡತಿ, "ನಮ್ಮಲ್ಲಿಗೇ ಮೊದ್ಲು ಬಂದಿದ್ರು" ಎಂದು ಅತ್ತೆಯ ಎದುರೇ ಜಂಬ ಕೊಚ್ಚಿದಳು. ಅಲ್ಲಿಗೆ ಬೆಂಕಿ ಬಿತ್ತು.

ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯಲ್ಲಿ ಪಾದ್ರಿಗಳು ಹುಡುಗ ಹುಡುಗಿಯ ಹೆಸರು ಓದಿ, ಈ ಮದುವೆಗೆ ಅಡ್ಡಿ ಗೊತ್ತಿದ್ದವರು ತಿಳಿಸಬೇಕು ಎನ್ನುತ್ತಾರೆ. ಯಾರೂ ತಿಳಿಸುವುದಿಲ್ಲ. ಆ ಹೊತ್ತಿಗೆ ನಾಲ್ಕು ಜನ ಕೆಮ್ಮುತ್ತಾರೆ, ಅಷ್ಟೇ. ನನ್ನ ಹೆಸರನ್ನು ಮೂರನೆಯ ಸಲ ಓದಿದ ದಿನ, ಮದುವೆಗೆ ಎರಡೇ ದಿನ ಇರುವಾಗ, ಅತ್ತೆ ಪೂಜೆ ಮುಗಿಸಿ ನೆಟ್ಟಗೆ ಪಾದ್ರಿಗಳ ಬಂಗಲೆಗೆ ಹೋದಳು. ಹುಡುಗನ ಅಜ್ಜಿಯೂ ನಮ್ಮ ಅಜ್ಜನೂ ಒಡಹುಟ್ಟಿದವರು, ಇದು ರಕ್ತಸಂಬಂಧ ಎಂದು ಹೇಳಿ ಬಂದಳು.

ಆಗಿನ ಪಾದ್ರಿಗಳು ವಯಸ್ಸಾದವರು, ಕಾನೂನು ಬಿಟ್ಟು ಕದಲುವವರಲ್ಲ. ಅಪ್ಪನನ್ನು ಕರೆಸಿದರು. ಹಿರಿಯರಿದ್ದ ಘಟ್ಟದ ಕೆಳಗಿನ ಇಗರ್ಜಿಯ ಹಳೆಯ ದಫ್ತರ ತೆಗೆಸಿ ನೋಡಬೇಕು, ವಾರಗಟ್ಟಲೆ ಹಿಡಿಯುತ್ತದೆ ಎಂದರು. "ಇಲ್ಲಾಂದ್ರೆ ನಿಮ್ಮ ಅಕ್ಕನೇ ಬಂದು ತಪ್ಪು ತಿಳ್ಕೊಂಡಿದ್ದೆ ಅಂತ ಹೇಳ್ಲಿ, ಮಂಗಳವಾರವೇ ಮದುವೆ ಮಾಡಿಸ್ತೇನೆ" ಎಂದೂ ಹೇಳಿದರು. ಅಪ್ಪ ಮನೆಗೆ ಬಂದು ಟೊಪ್ಪಿಗೆ ಬಿಸಾಕಿ, "ಅವಳ ಹೊಸಲು ತುಳಿದು ಬೇಡೋದಕ್ಕಿಂತ ಮಗಳನ್ನ ಮನೆಯಲ್ಲೇ ಇಟ್ಕೊಳ್ತೇನೆ" ಎಂದ. ಬಾಗಿಲ ಹಿಂದೆ ನಿಂತಿದ್ದ ನನಗೆ ಅಪ್ಪನ ಮೇಲೆ ಹೆಮ್ಮೆ ಉಕ್ಕಿತು. ಎಂಥ ಪೆದ್ದಿ ನಾನು.

ದಫ್ತರದಲ್ಲಿ ಸಂಬಂಧ ಗಿಂಬಂಧ ಏನೂ ಇರಲಿಲ್ಲ. ಆ ಕಾಲದ ಅರ್ಧ ಅಜ್ಜಿಯರಿಗೆ ಒಬ್ಬಳೇ ಸಂತಳ ಹೆಸರು; ಅಜ್ಜನ ತಂಗಿಗೂ ಹುಡುಗನ ಅಜ್ಜಿಗೂ ಅದೇ ಇತ್ತು, ಅತ್ತೆ ಅದನ್ನೇ ಹಿಡಿದುಕೊಂಡಿದ್ದಳು. ಆದರೆ ಅದು ಗೊತ್ತಾಗುವಾಗ ಉಪವಾಸ ಕಾಲ ಅರ್ಧ ಕಳೆದಿತ್ತು, ಹುಡುಗ ರಜೆ ಮುಗಿಸಿ ಬೊಂಬಾಯಿಗೆ ಹೋಗಿದ್ದ. ಈಸ್ಟರ್ ಮುಗಿದ ಮೇಲೆ ಅವರಿಗೆ ಬೇರೆ ಹುಡುಗಿ ಸಿಕ್ಕಿದ ಸುದ್ದಿ ಬಂತು. ಮದುವೆಯ ಹಿಂದಿನ ದಿನ ಮದುಮಗಳ ತಲೆಗೆ ತೆಂಗಿನಹಾಲು ಎರೆಯುವ ಶಾಸ್ತ್ರಕ್ಕೆ ನಮ್ಮಲ್ಲಿ ರೋಸ್ ಎನ್ನುತ್ತಾರೆ. ನನ್ನ ರೋಸಿಗೆಂದು ತಂದಿಟ್ಟ ತೆಂಗಿನಕಾಯಿಗಳನ್ನು ಅಮ್ಮ ನಲವತ್ತು ದಿನವೂ ಸಾರಿಗೆ ಅರೆದಳು. ನನ್ನ ತಲೆಗೆ ಬೀಳಬೇಕಾದದ್ದನ್ನು ನಾನೇ ಅನ್ನಕ್ಕೆ ಕಲಸಿಕೊಂಡು ಉಂಡೆ. ಆಮೇಲೆ ಬಂದ ಸಂಬಂಧಗಳು "ಹಿಂದೆ ಎಂತಕ್ಕೆ ಮುರೀತು?" ಎಂದು ಕೇಳಿಯೇ ಹಿಂದೆ ಸರಿದವು.

ಎಂಟು ವರ್ಷ ಕಳೆಯಿತು. ಅಪ್ಪ ತೀರಿಕೊಂಡ. ನಾನು ಶಾಲೆಯಲ್ಲಿ ಟೀಚರಾದೆ. ಇಗರ್ಜಿಗೆ ಹೊಸ ಪಾದ್ರಿಗಳು ಬಂದರು. ಅವರಿಗೆ ಬರುವ ಕಾಗದ ಒಡೆದು ಓದಿ ಉತ್ತರ ಬರೆಯುವುದು, ಭಾನುವಾರ ಓದುವ ಚೀಟಿಗಳನ್ನು ಬರೆದುಕೊಡುವುದು ನನ್ನ ಪಾಲಿಗೆ ಬಂತು. ಆಗಲೇ ಅತ್ತೆಯ ಒಬ್ಬಳೇ ಮಗಳ ಮದುವೆ ಗೊತ್ತಾದದ್ದು. ಹುಡುಗ ಗಲ್ಫಿನಿಂದ ರಜೆಯ ಮೇಲೆ ಬಂದವನು. ದಿನ ಯಾವುದೆಂದರೆ, ಬೂದಿ ಬುಧವಾರದ ಹಿಂದಿನ ಮಂಗಳವಾರ.

ಅವಳ ಮಗಳ ಹೆಸರಿನ ಚೀಟಿಯನ್ನು ನಾನೇ ಬರೆದೆ, ದುಂಡಗೆ. ಪಾದ್ರಿಗಳು "ಅಡ್ಡಿ ಗೊತ್ತಿದ್ದವರು" ಎಂದಾಗಲೆಲ್ಲ ಅರ್ಧ ಇಗರ್ಜಿ ನನ್ನ ಬೆಂಚಿನ ಕಡೆ ಕತ್ತು ತಿರುಗಿಸುತ್ತಿತ್ತು. ನಾನು ಕೆಮ್ಮಲೂ ಇಲ್ಲ.

ಹುಡುಗನ ಊರಿನ ಇಗರ್ಜಿಯಲ್ಲೂ ಹೀಗೆಯೇ ಓದಿ, ಅಡ್ಡಿ ಇಲ್ಲ ಎಂದು ಅಲ್ಲಿನ ಪಾದ್ರಿಗಳು ಕಾಗದ ಕೊಡಬೇಕು. ಅದು ಕೈ ಸೇರದೆ ಇಲ್ಲಿ ಮದುವೆ ಇಲ್ಲ. ಅಲ್ಲಿ ಓದಿ ಮುಗಿದಿತ್ತು. ಗುರುವಾರ ಸಂಜೆ ಘಟ್ಟದ ಕೆಳಗಿನಿಂದ ಬಂದ ಬಸ್ಸಿನ ಕಂಡಕ್ಟರ್, ಪಾದ್ರಿಗಳು ನರಸಿಂಹರಾಜಪುರಕ್ಕೆ ಹೋಗಿದ್ದಾರೆಂದು ತಿಳಿದು, ಶಾಲೆಯಿಂದ ಬರುತ್ತಿದ್ದ ನನ್ನ ಕೈಗೆ ಲಕೋಟೆ ಕೊಟ್ಟ. "ಟೀಚರ್, ಫಾದರಿಗೆ ಕೊಟ್ಬಿಡಿ." ಮೇಲಿನ ಮೊಹರು ನೋಡಿದ ಕೂಡಲೇ ಅದು ಎಂಥ ಕಾಗದವೆಂದು ಗೊತ್ತಾಯಿತು. ಬುಧವಾರ ಬೆಳಿಗ್ಗೆ, ಹಣೆಗೆ ಬೂದಿ ಹಚ್ಚಿಸಿಕೊಂಡ ಮೇಲೆ ಪಾದ್ರಿಗಳ ಕೈಗಿಡುವುದು ಎಂದು ಅಲ್ಲೇ ದಾರಿಯಲ್ಲೇ ತೀರ್ಮಾನ ಮಾಡಿದೆ.

ಶುಕ್ರವಾರ ಅತ್ತೆ ಬಂದು ಕಾಗದ ಬಂತೇ ಎಂದು ಬಂಗಲೆಯಲ್ಲಿ ಕೇಳಿದಳು. ಶನಿವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಭಾನುವಾರ ಪಾದ್ರಿಗಳು, "ನಾಳೆಯೊಳಗೆ ಬರದಿದ್ರೆ ಈಸ್ಟರ್ ಆದ್ಮೇಲೆ ನೋಡೋಣ" ಎಂದರು. ನಾನು ಅಲ್ಲೇ ಪೆನ್ನು ಹಿಡಿದು ಕೂತಿದ್ದೆ. ಅತ್ತೆಯ ಮುಖ ಸುಟ್ಟ ಬದನೆಕಾಯಿ ಆಗಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಾಡಿದ್ದುಣ್ಣೋ ಮಹರಾಯ. ಹುಡುಗಿ ಏನು ಪಾಪ ಮಾಡಿದ್ದಳು ಎಂದು ನೀವು ಕೇಳಬಹುದು. ನಾನು ಏನು ಮಾಡಿದ್ದೆ ಎಂದು ಆಗ ಯಾರು ಕೇಳಿದ್ದರು?

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೊರಡುತ್ತಿದ್ದಾಗ ಅತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಿದಳು. ಮೊದಲ ಬಸ್ಸಿಗೇ ಬಂದಿದ್ದಳು. ಅಮ್ಮ ಕಾಫಿ ಇಟ್ಟು ಹಿತ್ತಿಲಿಗೆ ಹೋದಳು. ಅತ್ತೆ ಬೆಂಚಿನ ತುದಿಯಲ್ಲಿ ಕೂತು ಹೇಳಿದಳು.

"ಇವತ್ತು ಸಂಜೆ ರೋಸ್. ಮೊದ್ಲು ನಿನ್ನ ಕೈಲೇ ಎರೆಸ್ಬೇಕು ಅಂತ ಕರೆಯೋಕೆ ಬಂದೆ."

"ಮದುವೇನೇ ಗಟ್ಟಿ ಇಲ್ವಲ್ಲ ಅತ್ತೆ. ಕಾಗದ ಬಂತಾ?"

"ಅದನ್ನ ನೀನೇ ಹೇಳ್ಬೇಕು ಮಾರಾಯ್ತಿ."

ಬುಧವಾರದವರೆಗೆ ಕಾಯಬೇಕೆಂದಿದ್ದೆ. ಆದರೆ ಅವಳು ಅಳುವುದನ್ನು ನೋಡುವ ಆಸೆ ಅದಕ್ಕಿಂತ ದೊಡ್ಡದಾಯಿತು. ಪ್ರಾರ್ಥನೆ ಪುಸ್ತಕ ತಂದು, ಅವಳ ಎದುರೇ ಲಕೋಟೆ ಒಡೆದು, ಮಕ್ಕಳಿಗೆ ಉಕ್ತಲೇಖನ ಕೊಡುವ ಹಾಗೆ ನಿಧಾನವಾಗಿ ಓದಿದೆ. ಮೂರು ಭಾನುವಾರವೂ ಓದಲಾಗಿದೆ. ಯಾವ ಅಡ್ಡಿಯೂ ಕಂಡುಬಂದಿಲ್ಲ. ಕೊನೆಯ ಸಾಲನ್ನು ಎರಡು ಸಲ ಓದಿದೆ.

"ಗುರುವಾರವೇ ಬಂದಿದೆ" ಎಂದೆ.

ಅವಳು ಅಳಲಿಲ್ಲ. "ಗೊತ್ತು. ಶನಿವಾರ ಕಂಡಕ್ಟ್ರು ಹೇಳ್ದ, ಟೀಚರ್ ಕೈಲಿ ಕೊಟ್ಟೆ ಅಂತ."

"ಮತ್ತೆ ಫಾದರ್ ಹತ್ರ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಮರ್ಯಾದೆ ಹೋಗ್ತಿತ್ತು. ನಿಮ್ಮ ಮನೆಗೆ ಬರೋಣ ಅಂದ್ರೆ ಕಾಲು ಏಳ್ಲಿಲ್ಲ. ನಿನ್ನೆ ನಿಮ್ಮ ಓಣಿ ಬಾಯಿವರೆಗೂ ಬಂದು ವಾಪಸ್ ಹೋದೆ." ಕಾಫಿ ಲೋಟವನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದಳು. "ಆವತ್ತು ನಿನ್ನ ಮದುವೆ ನಿಂತಾಗ ನಿಮ್ಮಪ್ಪ ಬರ್ತಾನೆ ಅಂತ ಸೋಮವಾರ ಪೂರ್ತಿ ಬಾಗಿಲಲ್ಲೇ ಕೂತಿದ್ದೆ ನಾನು. ಒಂದು ಮಾತು ಕೇಳಿದ್ರೆ ಹೋಗಿ ತಪ್ಪಾಯ್ತು ಅಂತ ಹೇಳಿ ಬರ್ತಿದ್ದೆ. ಅವ್ನು ಬರ್ಲಿಲ್ಲ. ನನ್ನ ಮಗಳಿಗೆ ಅಂತ ನಾನು ಬಂದೆ ನೋಡು."

ಅಷ್ಟು ಹೇಳಿ ಕೈ ಚಾಚಿದಳು. ನಾನು ಕಾಗದ ಕೊಟ್ಟೆ. ಅವಳು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಬಂತು ಎಂದು ಪಾದ್ರಿಗಳಿಗೆ ಸುಳ್ಳು ಹೇಳಿದವಳೂ ಅವಳೇ.

ಸಂಜೆ ರೋಸಿಗೆ ಹೋದೆ. ಮೊದಲ ತೆಂಗಿನಹಾಲು ನಾನೇ ಎರೆದೆ. ಹುಡುಗಿ ಕಣ್ಣು ಮುಚ್ಚಿ ನಗುತ್ತಿದ್ದಳು. ನನ್ನ ಕೈಯಲ್ಲಿ ಎಷ್ಟು ಸಿಟ್ಟಿತ್ತೋ, ಹಾಲು ಅವಳ ಕಿವಿಗೆಲ್ಲ ಹೋಯಿತು. ಸುತ್ತ ಇದ್ದವರು ತಮಾಷೆ ಎಂದುಕೊಂಡು ನಕ್ಕರು.

ಅತ್ತೆಯ ಮಾತು ನಿಜವೋ ಸುಳ್ಳೋ ನನಗೆ ಇಂದಿಗೂ ತಿಳಿಯದು. ಅವಳನ್ನು ಕ್ಷಮಿಸಿಯೂ ಇಲ್ಲ. ಆದರೆ ಎಂಟು ವರ್ಷ ಒಬ್ಬಳ ಮೇಲೇ ಇದ್ದ ಸಿಟ್ಟನ್ನು ಅವಳು ಆ ದಿನ ಎರಡು ಪಾಲು ಮಾಡಿ, ಒಂದು ಪಾಲನ್ನು ನಮ್ಮ ಮನೆಯಲ್ಲೇ ಇಟ್ಟು ಹೋದಳು. ಅತ್ತೆ ಬಾಗಿಲಲ್ಲಿ ಕಾದು ಕೂತಿದ್ದೆ ಎಂದ ಆ ಸೋಮವಾರ ಕೊಪ್ಪದಿಂದ ಹರಿಹರಪುರಕ್ಕೆ ಬಸ್ಸಿತ್ತು. ಪ್ರತಿ ವರ್ಷ ಸತ್ತವರ ಹಬ್ಬದ ದಿನ ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚಿ, ಪ್ರಾರ್ಥನೆ ಹೇಳಿ ಮುಗಿಸಿದ ಮೇಲೆ, ಎದ್ದು ಬರುವ ಮುಂಚೆ ಅದನ್ನು ಅವನಿಗೆ ಹೇಳಿಯೇ ಬರುತ್ತೇನೆ: ಬಸ್ಸಿತ್ತು ಅಪ್ಪಾ.