ಕೆರೆಗೆ ಜೇಡಿ ಮರಳಿಸುತ್ತಿರುವ ಮಹಾದೇವಮ್ಮ

ಬೆಳಗಿನ ಐದೂವರೆ. ಯಲ್ಲದಕೆರೆಯ ಆಚೆಗಿನ ಸಣ್ಣ ಊರೊಂದರ ಒಣಗಿದ ಕೆರೆಯಂಗಳದಲ್ಲಿ ಮಹಾದೇವಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಜೇಡಿಮಣ್ಣು ಹರಡುತ್ತಿದ್ದಾರೆ. ಅದರ ಮೇಲೆ ಹನ್ನೆರಡು ಕೊಡ ನೀರು ಚಿಮುಕಿಸುವಷ್ಟರಲ್ಲಿ ಜುಂಜಪ್ಪನ ಕುರಿಮಂದೆ ಕೆರೆಯ ಏರಿಯಿಂದ ಇಳಿದು ಬರುತ್ತದೆ. ಮೇಯಲು ಹೋಗುವ ಮುನ್ನ ನೂರಿಪ್ಪತ್ತು ಕುರಿಗಳು ಆ ಹಸಿಮಣ್ಣಿನ ಮೇಲೆ ಸುತ್ತು ಹಾಕಬೇಕು. ಗೊರಸಿನ ತುಳಿತಕ್ಕೆ ಜೇಡಿ ಒತ್ತಿಕೊಂಡರೆ ನೀರು ಕೆಳಗಿಳಿಯುವುದಿಲ್ಲ.

"ಮೂಲೆಗೆ ತಿರುವು ಲೇ ಜುಂಜ, ಬರೀ ನಡುಮಧ್ಯ ತುಳಿಸಿದ್ರೆ ಏನು ಬಂತು?"

"ನಿನ್ ಕೆರೆ ತುಳಿದೂ ತುಳಿದೂ ನನ್ ಕುರಿ ಕಾಲು ಸವೆದು ಮೊಲ ಆಗ್ಯಾವೆ ಕಣಕ್ಕ."

ಮಹಾದೇವಮ್ಮನಿಗೆ ಅರವತ್ತೊಂದು. ಗಂಡ ಈ ಕೆರೆಯ ತೂಬು ತೆಗೆದು ಮುಚ್ಚುವ ನೀರುಗಂಟಿಯಾಗಿದ್ದರು. ಅವರು ತೀರಿಕೊಂಡ ಮೇಲೆ ನೀರುಗಂಟಿ ಎಂಬ ಹೆಸರು ಮೈದುನನಿಗೆ ಹೋಯಿತು, ಕೆಲಸ ಮಾತ್ರ ಇವರ ಹೆಗಲಿಗೇ ಬಿತ್ತು. ಏರಿಯಲ್ಲಿ ಏಡಿ ಕೊರೆದ ಬಿಲ ಮುಚ್ಚುವುದು, ಸೀಮೆಜಾಲಿ ಕೀಳುವುದು, ಹಿನ್ನೀರಿನ ಜೊಂಡಿನಲ್ಲಿ ಹಕ್ಕಿಮರಿಗಳು ರೆಕ್ಕೆ ಬಲಿತು ಹಾರುವ ತನಕ ಯಾರೂ ಜೊಂಡು ಕೊಯ್ಯದಂತೆ ಕಾಯುವುದು. ಹದಿನೆಂಟು ವರ್ಷ ಇದನ್ನು ಯಾರೂ ಕೆಲಸವೆಂದು ಎಣಿಸಿದ್ದಿಲ್ಲ.

ಮೂರು ವರ್ಷದ ಹಿಂದೆ ಊರವರು ಕೆರೆ ಉಳಿಸುವ ಸಮಿತಿ ಕಟ್ಟಿದರು. ಹತ್ತೊಂಬತ್ತು ದಿನ ಜೆಸಿಬಿ ಓಡಿತು. ಮೇಲಿನ ಗೋಡುಮಣ್ಣು ಗೊಬ್ಬರದಂತೆ ಹೊಲ ತೋಟಗಳಿಗೆ ಹೋಯಿತು. ಅದು ಮುಗಿದ ಮೇಲೆ ಬೂದುಬಣ್ಣದ ಜೇಡಿ ಕಂಡಿತು. ಕೆರೆಯ ತಳ ಹಿಡಿದಿದ್ದ ಪದರ ಅದು. ಅದನ್ನು ತೆಗೆಯಬೇಡಿ ಎಂದು ಮಹಾದೇವಮ್ಮ ಸಮಿತಿಯ ಅಧ್ಯಕ್ಷ ಪ್ರಭುಲಿಂಗನಿಗೆ ಹೇಳಿದ್ದರು. ಆಳ ಆದಷ್ಟೂ ನೀರು ಜಾಸ್ತಿಯಲ್ಲವೇನಕ್ಕ ಎಂದು ಆತ ನಕ್ಕ. ನಾಲ್ಕಡಿ ಜೇಡಿಯೂ ಗೋಡಿನ ಲೆಕ್ಕದಲ್ಲೇ ಟ್ರಾಕ್ಟರ್ ಹತ್ತಿತು.

ಆ ವರ್ಷ ಕೆರೆ ತುಂಬಿತು, ಬಾಗಿನ ಬಿಟ್ಟರು, ಫೋಟೊ ತೆಗೆಸಿಕೊಂಡರು. ಇಪ್ಪತ್ತೆರಡನೇ ದಿನಕ್ಕೆ ನೀರೆಲ್ಲ ಇಂಗಿ ತಳದ ಗರಸು ಕಂಡಿತು. ಜೊಂಡು ಒಣಗಿತು, ಹಕ್ಕಿಗಳು ಹೊರಟುಹೋದವು. ಏರಿಯ ಮೇಲೆ ನೆಟ್ಟ ಕರಿಕಲ್ಲಿನಲ್ಲಿ ಸಮಿತಿಯವರ ಹನ್ನೊಂದು ಹೆಸರುಗಳಿವೆ. ಕೇಳಿದರೆ ಎಲ್ಲರೂ ಮಳೆಯನ್ನು ದೂರುತ್ತಾರೆ.

ಮಹಾದೇವಮ್ಮ ದೂರುವುದು ತಮ್ಮನ್ನು. "ನಾನೂ ನಮ್ಮ ಹೊಲಕ್ಕೆ ನಲವತ್ತು ಲೋಡ್ ಜೇಡಿ ಹೊಡಿಸ್ಕಂಡಿದ್ದೆ ಕಣವ್ವ. ಬ್ಯಾಡ ಅಂತ ಒಂದ್ಸಲ ಹೇಳ್ದೆ. ಎರಡನೇ ಸಲ ಹೇಳಕ್ಕೆ ಬಾಯೇ ಬರ್ಲಿಲ್ಲ. ನಂಗೂ ಮಣ್ಣು ಬೇಕಾಗಿತ್ತು."

ಎಂಟು ತಿಂಗಳಿಂದ ಆ ಮಣ್ಣನ್ನು ಕೆರೆದು ಕೆರೆಗೆ ಹೊರುತ್ತಿದ್ದಾರೆ. ದಿನಕ್ಕೆ ಇಪ್ಪತ್ತೈದು ಬುಟ್ಟಿ, ಒಂದೊಂದಕ್ಕೂ ಹೋಗಿಬರಲು ಅರ್ಧ ಮೈಲಿ. ಮೂರು ದಿನ ಹೊತ್ತು ಹಾಕಿ ನಾಲ್ಕನೆಯ ದಿನ ಕುರಿ ತುಳಿಸುತ್ತಾರೆ. ಹೊಲದ ಆ ಭಾಗದಲ್ಲಿ ಈಗ ರಾಗಿ ಮೊಳಕಾಲೆತ್ತರಕ್ಕೂ ಬಂದಿಲ್ಲ.

ಎರಡು ಕಣದಷ್ಟು ಜಾಗ ಗಟ್ಟಿಯಾಗಿದೆ. ಆಷಾಢದ ಮಳೆಗೆ ಅಲ್ಲಿ ಮಾತ್ರ ಹದಿನಾರು ದಿನ ನೀರು ನಿಂತಿತ್ತು, ಒಂದು ಜೋಡಿ ಟಿಟ್ಟಿಭ ಹಕ್ಕಿಗಳು ಬಂದಿದ್ದವು. ಸಮಿತಿಯವರು ಅದೇ ನೀರಿನ ಫೋಟೊ ತೆಗೆದು, ನಮ್ಮ ಶ್ರಮದ ಫಲ ಎಂದು ಬರೆದು ವಾಟ್ಸಾಪಿಗೆ ಹಾಕಿಕೊಂಡರು.

ಕೆರೆ ಹನ್ನೊಂದು ಎಕರೆ. ಇವರ ಹೊಲದ ಜೇಡಿ ಮೊನ್ನೆ ಸೋಮವಾರ ಮುಗಿಯಿತು. ಇವತ್ತು ಕುರಿ ತುಳಿಯುತ್ತಿರುವುದು ಅದರ ಕೊನೆಯ ಬುಟ್ಟಿಗಳ ಮಣ್ಣನ್ನು. ಹಿಂಗಾರು ಶುರುವಾಗಲು ತಿಂಗಳೂ ಇಲ್ಲ. ಮಣ್ಣು ಒಯ್ದ ಮನೆಗಳವರು ಒಂದೊಂದು ಲೋಡ್ ಮರಳಿಸಿದರೂ ಹಕ್ಕಿ ಕೂರುವಷ್ಟು ಹಿನ್ನೀರಾದರೂ ನಿಲ್ಲುತ್ತದೆಂದು ಮನೆಮನೆಗೆ ಹೋಗಿ ಕೇಳಿ ಬಂದಿದ್ದಾರೆ. ಪ್ರಭುಲಿಂಗ ಜಗುಲಿಯಿಂದ ಏಳಲೇ ಇಲ್ಲವಂತೆ. "ತೆಂಗಿಗೆ ಹಾಕಿದ ಮಣ್ಣು ವಾಪಸ್ ಕೇಳ್ತೀಯಲ್ಲಕ್ಕ, ನಾಳೆ ಕುಡಿದ ನೀರೂ ಕೇಳ್ತೀಯೇನು?" ಇಲ್ಲಿಯವರೆಗೆ ಯಾವ ಮನೆಯಿಂದಲೂ ಒಂದು ಬುಟ್ಟಿ ಬಂದಿಲ್ಲ.

ಕುರಿಗಳು ಏರಿ ಹತ್ತಿ ಹೋಗುತ್ತವೆ. ಮಹಾದೇವಮ್ಮ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ತಟ್ಟಿ, ಅಂಟಿದ್ದ ಮಣ್ಣನ್ನೂ ಅಲ್ಲೇ ಉದುರಿಸುತ್ತಾರೆ.

"ಅವರು ಕೊಡ್ಲಿ ಬಿಡ್ಲಿ, ಅದು ಅವರಿಗೆ ಬಿಟ್ಟಿದ್ದು. ನಾನಂತೂ ಕೆರೇದು ಒಂದು ಹಿಡಿ ಮಣ್ಣೂ ಇಟ್ಕಂಡಿಲ್ಲ. ಬೇಕಾದ್ರೆ ನಮ್ಮ ಹೊಲ ಅಗೆದು ನೋಡ್ರಿ."