ನಾಲ್ಕನೆಯದಾಗಿ ಇಟ್ಟ ಕಲ್ಲು

ಆ ದಿನ ಕಲ್ಲು ಬಿಸಿಯಾಯಿತು. ಯಾರೂ ಅದನ್ನು ಬಿಸಿ ಮಾಡಿರಲಿಲ್ಲ. ನಡೆದದ್ದು ಇಷ್ಟೇ. ಇದಕ್ಕಿಂತ ಹೆಚ್ಚು ನಡೆಯಿತು ಎಂದು ಯಾರಾದರೂ ನಿಮಗೆ ಹೇಳಿದರೆ ಅದು ಅವರು ಸೇರಿಸಿದ್ದು.

ಶಕುನ, ದೃಷ್ಟಿ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಹಲ್ಲಿ ಮೈಮೇಲೆ ಬಿದ್ದರೆ ಕೊಡವಿ ಕೆಲಸ ನೋಡುತ್ತಿದ್ದೆ. ನಮ್ಮತ್ತೆ ಹಾಗಲ್ಲ. ಮದ್ದೂರಿನ ಮನೆಯಿಂದ ಮೂರು ಜನ ಒಟ್ಟಿಗೆ ಯಾವುದಾದರೂ ಕೆಲಸಕ್ಕೆ ಹೊರಟರೆ ಬಾಗಿಲಲ್ಲೇ ನಿಲ್ಲಿಸಿ, ಅಂಗಳದಿಂದ ಒಂದು ಕಲ್ಲು ಆರಿಸಿ ಒಬ್ಬರ ಕೈಗೆ ಕೊಡುತ್ತಿದ್ದರು. ಮೂವರು ಹೋದರೆ ಕೆಲಸ ಕೆಡುತ್ತದೆ, ಕಲ್ಲೂ ಸೇರಿದರೆ ನಾಲ್ವರಾದ ಹಾಗೆ. ನನ್ನನ್ನು ನೋಡಲು ಬಂದಾಗಲೂ ಹಾಗೊಂದು ಕಲ್ಲು ತಂದಿದ್ದರಂತೆ. ಮದುವೆಯೇನೋ ಆಯಿತು. ಆಮೇಲೆ ಪಟ್ಟ ಪಾಡು ನೋಡಿದರೆ ಆ ಕಲ್ಲು ಯಾರ ಕಡೆಯದು ಎಂದು ನನಗೆ ಇವತ್ತಿಗೂ ಅನುಮಾನ.

ನಾನು ಹೇಳಹೊರಟದ್ದು ನಡೆದದ್ದು ಕ್ಯಾಂಪ್‌ಬೆಲ್‌ನಲ್ಲಿ, ಮಗಳು ಗೀತಳ ಅಪಾರ್ಟ್‌ಮೆಂಟಿನಲ್ಲಿ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಅಳಿಯ ಭಾನುವಾರವೂ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಇರುತ್ತಿದ್ದ. ಗೀತ ಸ್ಯಾನ್ ಮಟಿಯೋಗೆ ಹೋಗಿ ಬರುತ್ತಿದ್ದಳು. ಅವಳ ಆಫೀಸಿನಲ್ಲಿ ಜನ ಕಡಿಮೆಯಾಗುತ್ತಿದ್ದರು, ಕೆಲಸ ಕಡಿಮೆಯಾಗುತ್ತಿರಲಿಲ್ಲ. ಹೋದವರದೆಲ್ಲ ಉಳಿದವರ ತಲೆಗೆ. ನಾನು ಮೊಮ್ಮಗಳು ಅನುವನ್ನು ನೋಡಿಕೊಳ್ಳಲು ಬಂದವಳು. ಮಗು ಹಾಸಿಗೆಗೆ ಬಿದ್ದರೆ ಮಲಗುತ್ತಿತ್ತು. ನಿದ್ದೆ ಇಲ್ಲದವಳು ಅದರ ತಾಯಿ. ನೀರು ಕುಡಿಯಲು ಎದ್ದಾಗಲೆಲ್ಲ ಸೋಫಾದಲ್ಲಿ ಕೂತು ಗೋಡೆ ನೋಡುತ್ತಿರುತ್ತಿದ್ದಳು. ಮಾತ್ರೆ ನುಂಗಿದಳು, ಬಿಸಿ ಹಾಲು ಕುಡಿದಳು, ಏನೂ ಪ್ರಯೋಜನವಾಗಲಿಲ್ಲ. ಒಂದು ದಿನ ಫ್ರೀವೇಯಲ್ಲಿ ಕಾರು ಓಡಿಸುತ್ತಲೇ ಕಣ್ಣು ಮುಚ್ಚಿಹೋಯಿತು ಎಂದು ಮಾತಿನ ನಡುವೆ ಹೇಳಿದಳು. ಅವತ್ತಿನಿಂದ ನನಗೂ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಆಗ ಆಫೀಸಿನವರು ಅವಳನ್ನೂ ಇನ್ನಿಬ್ಬರನ್ನೂ ಜಪಾನಿಗೆ ಕಳಿಸುವುದೆಂದಾಯಿತು. ಕಂಪನಿ ಇನ್ನೂ ಬದುಕಿದೆ ಎಂದು ಅಲ್ಲಿಯ ಗಿರಾಕಿಗಳಿಗೆ ತೋರಿಸಬೇಕಿತ್ತಂತೆ. ದಿನವೂ ಮೀಟಿಂಗು, ನಡುವೆ ಒಂದು ಭಾನುವಾರ ಬಿಡುವು. ಆ ಒಂದು ದಿನ ಬೆಟ್ಟ ಹತ್ತುತ್ತೇನೆ ಎಂದು ಗೀತ ಹಟ ಹಿಡಿದಳು. ಅದು ಒಳಗೆ ಬೆಂಕಿ ಇರುವ ಬೆಟ್ಟ. ಅದರ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ, ಹೊಗೆಬೆಟ್ಟ ಎಂದೇ ಕರೆದೆ. ತುದಿಯಲ್ಲಿ ಬಾಯಿ ತೆರೆದುಕೊಂಡು ಈಗಲೂ ಹೊಗೆ ಬಿಡುತ್ತದೆ. ಹಾಗಿದ್ದೂ ಜನ ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯುತ್ತಾರಂತೆ.

"ಒಂದು ದಿನ ಬಿಡುವು ಸಿಕ್ಕಿದ್ರೆ ಮಲಗೋದು ಬಿಟ್ಟು ಬೆಟ್ಟ ಯಾಕೆ?" ಎಂದೆ.

"ಕಾಲು ಸೋತ್ರಾದ್ರೂ ನಿದ್ದೆ ಬರುತ್ತೇನೋ ನೋಡ್ತೀನಮ್ಮ. ಒಂದು ದಿನ ಯಾರೂ ನನ್ನ ಏನೂ ಕೇಳಬಾರ್ದು, ಅಷ್ಟೇ."

ನಾನು ಅವಳ ಸೂಟ್‌ಕೇಸು ಇಳಿಸಿ ಒರೆಸಿಟ್ಟೆ.

ಹೊರಡುವ ಮುಂಚಿನ ಭಾನುವಾರ ಜೊತೆಗೆ ಹೋಗುವವರಿಬ್ಬರೂ ಊಟಕ್ಕೆ ಬಂದರು. ಹಾಸನದ ಕಡೆಯ ಮಧು, ಮೈಸೂರಿನ ವಿದ್ಯಾ. ಊಟ ಮುಗಿಸಿ ಬೆಟ್ಟದ ನಕ್ಷೆ ಹರಡಿದರು. ಕಂಪ್ಯೂಟರಿನಿಂದ ತೆಗೆದ ಹಾಳೆಗಳಿಗೆ ಟೇಪು ಅಂಟಿಸಿ ಮಾಡಿದ್ದು, ಸುರುಳಿ ಸುತ್ತಿಕೊಳ್ಳುತ್ತಲೇ ಇತ್ತು. ಯಾವ ರೈಲು, ಎಲ್ಲಿ ಇಳಿದು ಬಸ್ಸು ಹಿಡಿಯುವುದು, ಕೊನೆಯ ಬಸ್ಸು ತಪ್ಪಿದರೆ ಏನು ಗತಿ, ಗಂಧಕದ ಹೊಗೆ ಬಂದರೆ ಮೂಗಿಗೆ ಏನು ಕಟ್ಟಿಕೊಳ್ಳುವುದು, ಹೀಗೆ ಮಾತು. ಮೂವರ ಮುಖವೂ ಜ್ವರದಿಂದ ಎದ್ದವರ ಮುಖದ ಹಾಗಿತ್ತು. ವಿಹಾರಕ್ಕೆ ಹೊರಟವರು ಎಂದು ಯಾರೂ ಹೇಳುವಂತಿರಲಿಲ್ಲ.

"ಅಜ್ಜಿ, ಮೂರು ಜನ ಹೊರಟಿದೀವಿ. ಕೆಲಸ ಕೆಡುತ್ತಾ?" ಎಂದ ಮಧು.

"ಕೆಡೋಕೆ ನಿಮ್ಮ ಕಂಪನೀಲಿ ಇನ್ನೇನು ಉಳಿದಿದೆಯಪ್ಪ?"

"ಸರಿ ಹೇಳಿದ್ರಿ. ಆದ್ರೂ ನಮ್ಮಜ್ಜಿ ಆಗಿದ್ರೆ ಒಂದು ಕಲ್ಲು ಕೊಡೋರು."

ಸಿಂಕಿನ ಪಕ್ಕದಲ್ಲಿ ನಾನು ಶುಂಠಿ ಜಜ್ಜುವ ಕಲ್ಲಿತ್ತು. ಒಂದು ಚೂರು ಶುಂಠಿಗೆ ಮಿಕ್ಸಿ ತೊಳೆಯುವ ತಾಳ್ಮೆ ಇಲ್ಲದೆ, ಅನುವಿನ ಜೊತೆ ತೊರೆಯ ಕಡೆ ವಾಕಿಂಗ್ ಹೋದಾಗ ತಂದಿದ್ದು. ಆಗಷ್ಟೇ ತಣ್ಣೀರಿನಲ್ಲಿ ತೊಳೆದಿದ್ದೆ. ಒರೆಸಿ ಅವನ ಕೈಗೆ ಕೊಟ್ಟೆ. "ತಗೋ, ಇದು ನಿಮ್ಮ ನಾಲ್ಕನೆಯೋನು. ನಿಮ್ಮ ಥರ ಗೊಣಗಲ್ಲ."

ಮಧು ನಗುತ್ತಾ ಅದನ್ನು ನಕ್ಷೆಯ ಮೇಲೆ, ಸರಿಯಾಗಿ ಬೆಟ್ಟದ ಬಾಯಿಯ ಮೇಲೆ ಇಟ್ಟ. ಹಾಳೆ ಸುತ್ತಿಕೊಳ್ಳುವುದು ನಿಂತಿತು. ಮಾತು ಮುಂದುವರಿಯಿತು. ನಾನು ಪಾತ್ರೆ ತೊಳೆಯುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅನು ಬಂದು ಕಲ್ಲಿನ ಮೇಲೆ ಕೈಯಿಟ್ಟು ತಟ್ಟನೆ ತೆಗೆದಳು. "ಅಜ್ಜಿ, ಇಟ್ಸ್ ಹಾಟ್."

ಮಧು ಮುಟ್ಟಿ ನೋಡಿದ, ನಗು ನಿಂತಿತು. ವಿದ್ಯಾ ಮುಟ್ಟಿದಳು. ನಾನೂ ಕೈ ಒರೆಸಿಕೊಂಡು ಬಂದು ಮುಟ್ಟಿದೆ. ಸುಡುವಷ್ಟಲ್ಲ, ಆಗ ತಾನೇ ಕಾಫಿ ಬಗ್ಗಿಸಿದ ಲೋಟದಷ್ಟು ಬಿಸಿ. ಎತ್ತಿ ನೋಡಿದೆ. ಕೆಳಗಿನ ಹಾಳೆ ತಣ್ಣಗಿತ್ತು, ಮೇಜೂ ತಣ್ಣಗಿತ್ತು.

"ಮೈಕ್ರೋವೇವಲ್ಲಿ ಇಟ್ಟಿದ್ರಾ ಅಜ್ಜಿ? ನಿಜ ಹೇಳಿ," ಎಂದ ಮಧು.

"ಕಲ್ಲು ಬೇಯಿಸಿ ತಿನ್ನೋ ಕಾಲ ಇನ್ನೂ ಬಂದಿಲ್ಲ ಕಣೋ."

ಹೊರಗೆ ಮೋಡ, ಬಿಸಿಲೇ ಇರಲಿಲ್ಲ. ಒಲೆ ಆರಿಸಿ ಬಹಳ ಹೊತ್ತಾಗಿತ್ತು. ಹೀಟರು ಆಚೆ ಕೋಣೆಯಲ್ಲಿ. ಎಲ್ಲ ಒಂದೊಂದಾಗಿ ನೋಡಿದೆವು.

ಗೀತ ನನ್ನ ಕೈಯಿಂದ ಕಲ್ಲು ತೆಗೆದುಕೊಂಡು, ಚಳಿಯಲ್ಲಿ ಲೋಟ ಹಿಡಿದ ಹಾಗೆ ಎರಡೂ ಅಂಗೈ ನಡುವೆ ಹಿಡಿದಳು. "ಹಿತವಾಗಿದೆ ಅಮ್ಮ," ಎಂದಳು. ಆಮೇಲೆ ನಕ್ಷೆಯ ಮೇಲೆ ತಲೆಯಿಟ್ಟಳು. ಅಲ್ಲೇ, ಕೂತಲ್ಲೇ, ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆ.

ವಿದ್ಯಾ ನನ್ನನ್ನು ಬಾಗಿಲವರೆಗೆ ಕರೆದು ಪಿಸುಗುಟ್ಟಿದಳು. "ಆಂಟಿ, ನಂಗ್ಯಾಕೋ ಇದು ಸರಿ ಅನ್ನಿಸ್ತಿಲ್ಲ. ಬೆಟ್ಟದ ಬಾಯಿ ಮೇಲೇ ಬಿಸಿ ಆಗಿದೆ. ಹೋಗೋದು ಬೇಡ ಅಂತ ನೀವೇ ಹೇಳಿ ಅವ್ಳಿಗೆ."

"ಮೊದಲು ಅವಳು ಏಳಲಿ," ಎಂದೆ.

ಅವರಿಬ್ಬರೂ ಹೋದರು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ನಡುನಡುವೆ ಒಂದು ಬೆರಳು ಚಾಚಿ ಕಲ್ಲು ಮುಟ್ಟಿ ನೋಡುತ್ತಿದ್ದೆ. ಕತ್ತಲಾಗುವವರೆಗೂ ಬಿಸಿ ಆರಲಿಲ್ಲ. ಮೈ ಕಾವಿಗೆ ಕಲ್ಲು ಬಿಸಿಯಾಗಬಹುದು ಎನ್ನುತ್ತೀರಿ. ಅವಳ ಕೈಯೇ ಕಲ್ಲಿಗಿಂತ ತಣ್ಣಗಿತ್ತು. ಅಳಿಯ ಬಂದು ಬಾಗಿಲು ಹಾಕಿದ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಆಗ ಮುಟ್ಟಿದೆ. ತಣ್ಣಗಿತ್ತು, ಎಲ್ಲ ಕಲ್ಲಿನ ಹಾಗೆ.

ಇದು ಏನೆಂದು ನನಗೆ ಗೊತ್ತಿಲ್ಲ. ಗೀತ ಆ ಬೆಟ್ಟ ಹತ್ತಿದಳು, ಇಳಿದಳು, ಬಂದಳು. ಅಲ್ಲಿ ಏನೂ ಆಗಲಿಲ್ಲ, ವಾಪಸು ಬಸ್ಸಿನಲ್ಲಿ ಒಳ್ಳೆ ನಿದ್ದೆ ಬಂತಂತೆ. ಹಾಗಾಗಿ ಕೆಟ್ಟ ಶಕುನ ಎಂದವರ ಮಾತು ನಿಲ್ಲುವುದಿಲ್ಲ. ದೇವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಷ್ಟು ಕರುಣೆ ಇದ್ದವನು ಒಂದು ಮಧ್ಯಾಹ್ನಕ್ಕೇ ಯಾಕೆ ಮುಗಿಸಿದ?

ಕಲ್ಲು ಬಿಸಿಯಾದ ಮಾರನೆಯ ಬೆಳಿಗ್ಗೆ ಅದರಿಂದಲೇ ಶುಂಠಿ ಜಜ್ಜಿ ಗೀತಳಿಗೆ ಟೀ ಮಾಡಿಕೊಟ್ಟೆ. ಅವಳು ಕೆಲಸಕ್ಕೆ ಹೋದ ಮೇಲೆ ವಿದ್ಯಾ ಫೋನು ಮಾಡಿ, ಬೆಟ್ಟ ಬೇಡ ಅಂತ ಹೇಳಿದಿರಾ ಎಂದು ಕೇಳಿದಳು. ಇಲ್ಲ, ಹೇಳುವುದೂ ಇಲ್ಲ ಎಂದೆ. ಕಲ್ಲನ್ನು ತೊಳೆದು, ಅನುವಿನ ಹಳೆಯ ಕಾಲುಚೀಲದೊಳಗೆ ಹಾಕಿ, ಗೀತಳ ಸೂಟ್‌ಕೇಸಿನಲ್ಲಿ ಬೂಟುಗಳ ನಡುವೆ ಇಟ್ಟೆ. ಆಮೇಲೆ ಅನುವನ್ನು ಕರೆದುಕೊಂಡು, ಶುಂಠಿಗೆ ಬೇರೆ ಕಲ್ಲು ಬೇಕಲ್ಲ ಎಂದು ತೊರೆಯ ಕಡೆ ಹೋದೆ. ಸಿಕ್ಕಿದ್ದನ್ನು ಮೊದಲು ಕೆನ್ನೆಗೆ ಒತ್ತಿ ನೋಡಿದೆ. ತಣ್ಣಗಿತ್ತು. ಅದನ್ನೇ ಮನೆಗೆ ತಂದೆ.