ಕೆನ್ನೆಗೆ ಅರಿಶಿನ ಬೇಡ ಎಂದವಳು

ಎರಡನೆಯ ಹೆರಿಗೆಯಾದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ಅರಕಲಗೂಡಿನ ಹತ್ತಿರದ ನಮ್ಮ ಶುಂಠಿ ಹೊಲದಲ್ಲಿ ಬಿಸಿಲಿಗೆ ಬೆಂದಷ್ಟೂ ಅದು ಕಪ್ಪಾಯಿತು. ಕಡಲೆಹಿಟ್ಟು, ಮೊಸರು, ಆಲೂಗಡ್ಡೆ ರಸ, ಯಾರು ಏನು ಹೇಳಿದರೂ ಹಚ್ಚಿದೆ. ನಿಂಬೆರಸ ಹಚ್ಚಿಕೊಂಡು ಕಳೆ ತೆಗೆಯಲು ಹೋದ ದಿನ ಮುಖವೆಲ್ಲ ಉರಿದು, ಬಂಗು ಇನ್ನಷ್ಟು ಹರಡಿತು.

ಅದನ್ನಾದರೂ ಸಹಿಸುತ್ತಿದ್ದೆನೇನೋ. ಸಹಿಸಲಾಗದ್ದು ನನ್ನ ವಾರಗಿತ್ತಿಯ ಮುಖ. ಮೈದುನನ ಹೆಂಡತಿ ಅವಳು. ಅವಳಿಗೂ ಬಂಗಿತ್ತು, ನನ್ನದಕ್ಕಿಂತ ದಟ್ಟವಾಗಿ. ಮೂರು ವರ್ಷದಿಂದ ಅದು ಮಾಯವಾಗಿ ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು. ಬಿಸಿಲಾಗದು ಎಂದು ಹೊಲಕ್ಕೂ ಬರುತ್ತಿರಲಿಲ್ಲ ಮಹಾರಾಣಿ. “ಚಿಕ್ಕೋಳ್ ಮಕ ನೋಡು, ಎಂಗೈತೆ! ದೊಡ್ಡೋಳು ಏನ್ ಅಚ್ಚಿದ್ರೂ ಅಷ್ಟೇ ಕಣ,” ಎಂದು ಅತ್ತೆ ಬಂದವರೆದುರು ಹೇಳುವರು. ನೀನೇನು ಹಚ್ಚುತ್ತೀಯೆ ಎಂದು ಕೇಳಿದರೆ ಅವಳು “ಏನೂ ಇಲ್ಲ ಕಣಕ್ಕ” ಎಂದು ನಕ್ಕುಬಿಡುವಳು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿ.

ನಮ್ಮ ಕಡೆ ಅರಿಶಿನ ಕುಂಕುಮಕ್ಕೆ ಬಂದವರ ಕೆನ್ನೆಗೆ ನಾವೇ ಅರಿಶಿನ ಹಚ್ಚುತ್ತೇವೆ. ಶ್ರಾವಣದ ಒಂದು ಶುಕ್ರವಾರ ಅವಳಿಗೆ ಹಚ್ಚಲು ಹೋದೆ. “ಕೆನ್ನೆಗೆ ಬ್ಯಾಡ ಕಣಕ್ಕ, ಕಾಲ್ಗೆ ಅಚ್ಚಿ,” ಎಂದು ಮುಖ ತಿರುಗಿಸಿದಳು. ಬಣ್ಣ ಕೆಡುತ್ತದೆಂಬ ಬಿಂಕ ಅಂದುಕೊಂಡೆ. ಅವತ್ತೇ ಅವಳ ಬೀರು ತಡಕಿದೆ. ಸೀರೆಗಳ ಅಡಿಯಲ್ಲಿ ಮೆಡಿಕಲ್ ಅಂಗಡಿಯ ಸಣ್ಣ ಟ್ಯೂಬು ಸಿಕ್ಕಿತು.

ಅವಳು ಮಗುವನ್ನು ಅಂಗನವಾಡಿಯಿಂದ ಕರೆತರಲು ಹೋದಾಗೆಲ್ಲ ಕಡಲೆಯಷ್ಟು ಕದ್ದು ಹಚ್ಚಿದೆ. ಹದಿನೈದೇ ದಿನಕ್ಕೆ ಬಂಗು ತಿಳಿಯಾಯಿತು. ಊಟಕ್ಕೆ ಕೂತ ಗಂಡ ಎರಡು ಸಲ ತಿರುಗಿ ನೋಡಿದರು. ನನಗೆ ಅಷ್ಟು ಸಾಕಾಗಿತ್ತು.

ದೀಪಾವಳಿಯಲ್ಲಿ ಪಕ್ಕದ ಮನೆಯಾಕೆ ನನ್ನ ಕೆನ್ನೆಗೆ ಅರಿಶಿನ ಹಚ್ಚಿದ್ದೇ ತಡ, ಮೆಣಸಿನಪುಡಿ ಎರಚಿದಂತಾಗಿ ಚೀರಿದೆ. ವಾರಗಿತ್ತಿ ಅಲ್ಲೇ ನಿಂತಿದ್ದಳು. ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಕೊನೆಗೆ ಹಾಸನದ ಚರ್ಮದ ಡಾಕ್ಟರ ಬಳಿ ಹೋದೆ. ಟ್ಯೂಬಿನ ಹೆಸರು ಹೇಳಿದ್ದಕ್ಕೆ ಅವರು ಹಣೆ ಚಚ್ಚಿಕೊಂಡರು. “ಇದ್ರಲ್ಲಿ ಸ್ಟೀರಾಯ್ಡ್ ಇದೆಯಮ್ಮ. ಮೊದಲು ಬೆಳ್ಳಗೆ ಮಾಡುತ್ತೆ, ಆಮೇಲೆ ಚರ್ಮ ತೆಳುವಾಗಿ ಬಿಸಿಲಿಗೂ ಉರಿಯುತ್ತೆ. ಬಿಟ್ರೆ ಇನ್ನೂ ಕೆಂಪಾಗುತ್ತೆ, ಅದಕ್ಕೇ ಜನ ಬಿಡೋಕಾಗದೆ ಹಚ್ತಾನೇ ಇರ್ತಾರೆ. ನಿಮ್ಮದು ಬೇಗ ವಾಸಿಯಾಗುತ್ತೆ. ವರ್ಷಗಟ್ಟಲೆ ಹಚ್ಚಿದೋರಿಗೆ ಬಹಳ ಕಷ್ಟ.” ಬಸಿರು, ಬಿಸಿಲು ಎರಡರಿಂದಲೂ ಬಂಗು ಬರುತ್ತದೆ, ಹೊಲಕ್ಕೆ ಮುಖ ಮುಚ್ಚಿಕೊಂಡು ಹೋಗಿ ಎಂದು ಬಿಸಿಲಿಗೆ ಹಚ್ಚುವ ಕ್ರೀಮು ಬರೆದುಕೊಟ್ಟರು.

ಮನೆಗೆ ಬಂದವಳೇ ವಾರಗಿತ್ತಿಯ ಕೋಣೆಗೆ ಹೋಗಿ ಕದ್ದದ್ದನ್ನು ಒಪ್ಪಿಕೊಂಡೆ.

“ಗೊತ್ತಿತ್ತು ಕಣಕ್ಕ. ಟ್ಯೂಬು ಬ್ಯಾಗ ಬ್ಯಾಗ ಖಾಲಿಯಾಗ್ತಿತ್ತು.”

“ಉರೀತದೆ ಅಂತ ಗೊತ್ತಿದ್ದೂ ಯಾಕೆ ಏಳ್ಲಿಲ್ಲ?”

“ನೀವು ಬಿಸ್ಲಲ್ಲಿ ನಕ್ಕೊಂಡು ಒಲಕ್ಕೆ ಓಗ್ತಿದ್ರಿ. ಮೂರು ವರ್ಸದಿಂದ ನಾನು ಕಿಟ್ಕೀಲಿ ನಿಂತು ನೋಡ್ತಿದ್ದೆ. ಒಟ್ಟೆ ಉರೀತಿತ್ತು. ನಿಮ್ಗೂ ನನ್ನಂಗೇ ಆಗ್ಲಿ ಅನ್ನುಸ್ತು.”

ಈ ಬಂಗಿನ ಮುಖವನ್ನು ಕಂಡು ಕರುಬಿದವಳೂ ಒಬ್ಬಳಿದ್ದಾಳೆಂದು ಗೊತ್ತಾದದ್ದು ಆಗಲೇ. ಇಬ್ಬರೂ ಅತ್ತೆವು. “ನಾಳೆ ನಿನ್ನೂ ಹಾಸನಕ್ಕೆ ಕರ್ಕೊಂಡೋಯ್ತೀನಿ,” ಎಂದೆ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. “ನಂದು ಬ್ಯಾಗ ವಾಸಿಯಾಯ್ತದಂತೆ. ನಿಂದೇ ಕಷ್ಟ,” ಎಂದೂ ಹೇಳಿದೆ.